ಕೃತಜ್ಞತೆಗೆ 45 ಸೆಕೆಂಡು

ನಮ್ಮ ಸಭೆಗಳಲ್ಲಿ ವಂದನಾರ್ಪಣೆಯೆಂಬುದು ಯಾರೂ ಕೇಳದ ಭಾಷಣ. ಅಧ್ಯಕ್ಷರು ಮಾತು ಮುಗಿಸಿ ಕುರ್ಚಿಯಲ್ಲಿ ಕುಳಿತೊಡನೆಯೇ ಹಿಂದಿನ ಸಾಲುಗಳವರು ಮೇಲೇಳುತ್ತಾರೆ; ಕಾರ್ಯದರ್ಶಿಯು ಶಾಮಿಯಾನದವನಿಗೂ ಧ್ವನಿವರ್ಧಕದವನಿಗೂ ಉಪಕಾರ ಸ್ಮರಣೆ ಸಲ್ಲಿಸುವ ಹೊತ್ತಿಗೆ ಸಭಿಕರಲ್ಲಿ ಅರ್ಧದಷ್ಟು ಮಂದಿ ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿರುತ್ತಾರೆ. ಅಮೆರಿಕದ ಚಲಚ್ಚಿತ್ರ ಅಕಾಡೆಮಿಯವರು ವರ್ಷಕ್ಕೊಮ್ಮೆ ನಡೆಸುವ ಆಸ್ಕರ್ ಪ್ರಶಸ್ತಿ ಪ್ರದಾನ ಸಮಾರಂಭವಾದರೋ ಇದಕ್ಕೆ ತೀರ ವಿರುದ್ಧವಾದದ್ದು. ಅಲ್ಲಿ ಉಳಿದೆಲ್ಲವೂ ನೆಪ. ಸಮಾರಂಭದ ತಿರುಳೇ ವಂದನಾರ್ಪಣೆ. ಪ್ರಶಸ್ತಿ ಯಾರಿಗೆ ಬಂತೆಂಬುದನ್ನಷ್ಟೇ ತಿಳಿಯಬೇಕೆಂಬವರು ಮಾರನೆಯ ದಿನದ ಪತ್ರಿಕೆಯನ್ನು ನೋಡಿದರೆ ಸಾಕು. ನಿದ್ರೆಗೆಟ್ಟು ಕುಳಿತು ನೋಡುವವರು ನೋಡುವುದು ಬೇರೊಂದನ್ನು: ವರ್ಷಗಟ್ಟಲೆ ಕತ್ತಲೆಯ ಕೋಣೆಯಲ್ಲಿ ಕುಳಿತು ಚಿತ್ರದ ತುಣುಕುಗಳನ್ನು ಜೋಡಿಸಿದವನೋ, ಉಡುಪು ಹೊಲಿಸಿದವಳೋ ಏಕಾಏಕಿ ಬೆಳಕಿಗೆ ಬಂದು, ಕೈಯಲ್ಲೊಂದು ಚೀಟಿ ಹಿಡಿದು, ಗಂಟಲು ಕಟ್ಟಿ, ಮೊದಲು ಯಾರ ಹೆಸರನ್ನು ಹೇಳುತ್ತಾರೆಂಬುದನ್ನು.

ಈ ಹವ್ಯಾಸ ನನಗೆ ಬಹುಕಾಲದಿಂದ ಉಂಟು. ಮನೆಯಾಕೆಗೆ ಇದು ಸೋಜಿಗ. ಗುರುತಿಲ್ಲದವರು ತಮ್ಮ ಗುರುತಿನವರಿಗೆ ಹೇಳುವ ಉಪಕಾರವನ್ನು ಕೇಳಲು ಬೆಳಗಿನ ಜಾವದಲ್ಲಿ ಏಳುವುದೆಂದರೆ ಏನರ್ಥವೆಂದು ಆಕೆ ಕೇಳುವುದುಂಟು. ಅರ್ಥವೇನೋ ಇದೆಯೆಂದು ನನ್ನ ನಂಬಿಕೆ. ಮನುಷ್ಯನು ಗೆದ್ದ ಗಳಿಗೆಯಲ್ಲಿ ಯಾರನ್ನು ನೆನೆಯುತ್ತಾನೆಂಬುದು ಅವನ ಕೃತಿಯು ಹೇಳದ ಹಲವು ಸಂಗತಿಗಳನ್ನು ಹೇಳುತ್ತದೆ. ನಟರು ಕೂಡ ಆ ಗಳಿಗೆಯಲ್ಲಿ ನಟನೆಯನ್ನು ಮರೆಯುವುದನ್ನು ಕಂಡಿದ್ದೇನೆ. ಎಲ್ಲರೂ ಅಲ್ಲ, ಕೆಲವರು.

ಆದರೆ ಆ ಗಳಿಗೆಗೆ ಅಕಾಡೆಮಿಯವರು ಒಂದು ಅಳತೆಗೋಲನ್ನಿಟ್ಟಿದ್ದಾರೆ. ಮಾತಿಗೆ 45 ಸೆಕೆಂಡು. ಅದು ಮೀರಿತೆಂದರೆ ವಾದ್ಯವೃಂದ ಮೆಲ್ಲಗೆ ಮೊದಲಾಗುತ್ತದೆ. ಮಾತು ನಿಲ್ಲದಿದ್ದರೆ ಸಂಗೀತವು ಏರುತ್ತದೆ. ಕೊನೆಗೆ ಮಾತು ಮುಳುಗುತ್ತದೆ. ನಮ್ಮಲ್ಲಿ ಅರ್ಧಚಂದ್ರ ಪ್ರಯೋಗವೆಂದು ಕರೆಯುವ ಕ್ರಿಯೆಯನ್ನು ಕೈಯಿಂದ ಮಾಡದೆ ಪಿಟೀಲಿನಿಂದ ಮಾಡುವುದು ಅಲ್ಲಿಯ ಸಂಸ್ಕಾರ. ಈ ಕುತ್ತಿಗೆ ಹಿಡಿಯುವಿಕೆ ಎಲ್ಲರಿಗೂ ಒಂದೇ ಸಮನಾಗಿದ್ದಿದ್ದರೆ ನಾನು ಈ ಲೇಖನವನ್ನು ಬರೆಯುತ್ತಿರಲಿಲ್ಲ.

2023ರ ಮಾರ್ಚ್ 12ರ ರಾತ್ರಿ ಲಾಸ್ ಏಂಜಲೀಸ್ ನಗರದ ಡಾಲ್ಬಿ ರಂಗಮಂದಿರದಲ್ಲಿ ನಡೆದ 95ನೆಯ ಸಮಾರಂಭವು ನಮಗೆ ಸೋಮವಾರ, 13ರ ಬೆಳಗಿನ ಐದೂವರೆಗೆ ಮೊದಲಾಯಿತು. ಆ ವರ್ಷ ನಮ್ಮ ದೇಶದ ಮೂರು ಕೃತಿಗಳು ಕಣದಲ್ಲಿದ್ದವು. 'ಆರ್‌ಆರ್‌ಆರ್' ತೆಲುಗು ಚಿತ್ರದ 'ನಾಟು ನಾಟು' ಹಾಡು, 'ಆಲ್ ದಟ್ ಬ್ರೀದ್ಸ್' ಎಂಬ ಸಾಕ್ಷ್ಯಚಿತ್ರ, 'ದಿ ಎಲಿಫೆಂಟ್ ವಿಸ್ಪರರ್ಸ್' ಎಂಬ ಕಿರು ಸಾಕ್ಷ್ಯಚಿತ್ರ. ಕನ್ನಡದ್ದು ಯಾವುದೂ ಇರಲಿಲ್ಲ. ಆದರೂ ನಾವು ಸುಮ್ಮನಿರುವವರೇ? ಮದುವೆಯ ಮನೆಗೆ ಬಂದ ದೂರದ ನೆಂಟರು ಬೀಗರ ಕಡೆಯಿಂದಲಾದರೂ ಒಂದು ಸಂಬಂಧವನ್ನು ಎಳೆದು ಪಂಕ್ತಿಯಲ್ಲಿ ಮುಂದೆ ಕೂರುವಂತೆ ನಾವೂ ಕೂತೆವು. 'ಆರ್‌ಆರ್‌ಆರ್' ನಿರ್ದೇಶಕ ರಾಜಮೌಳಿಯವರು ಹುಟ್ಟಿದ್ದು ರಾಯಚೂರು ಜಿಲ್ಲೆಯಲ್ಲಿ. ನಾಯಕರಲ್ಲೊಬ್ಬರ ತಾಯಿ ಕುಂದಾಪುರದ ಕಡೆಯವರು. ಆ ಹಾಡನ್ನು ಸಭೆಗೆ ಪರಿಚಯಿಸಿದ ದೀಪಿಕಾ ಪಡುಕೋಣೆಯವರು ಬೆಂಗಳೂರಿನಲ್ಲಿ ಬೆಳೆದವರು. ಇಷ್ಟು ಸಾಲದೆ?

ಹಾಡು ಗೆದ್ದಿತು. ಸಂತೋಷವಾಯಿತೆಂದು ಹೇಳಲು ನನಗೆ ಸಂಕೋಚವಿಲ್ಲ. ಚಂದ್ರಬೋಸರು ಬರೆದ ಆ ಹಾಡಿನಲ್ಲಿ ಜೋಳದ ರೊಟ್ಟಿಯೂ ಮೆಣಸಿನಕಾಯಿಯ ಖಾರವೂ ಬರುತ್ತವೆ. ಹಾಲಿವುಡ್ಡಿನ ಆ ಸಭೆಗೆ ಅದರ ರುಚಿ ಎಷ್ಟು ತಿಳಿಯಿತೋ, ಆದರೆ ನಮ್ಮ ರಾಯಚೂರು ಬಳ್ಳಾರಿಗಳವರಿಗೆ ಅದಕ್ಕೆ ಟಿಪ್ಪಣಿ ಬೇಕಾಗಲಾರದು. ವೇದಿಕೆಯ ಮೇಲಣ ಮುಖ್ಯ ನರ್ತಕರಲ್ಲಿ ನಮ್ಮ ಕಡೆಯವರಾರೂ ಇರಲಿಲ್ಲವೆಂಬ ಆಕ್ಷೇಪಣೆ ಆಮೇಲೆ ಕೇಳಿಬಂತು, ಆಕ್ಷೇಪಣೆ ನ್ಯಾಯವಾದದ್ದೇ. ನನ್ನ ಮನಸ್ಸು ಮಾತ್ರ ಬೇರೊಂದು ಕಡೆಗೆ ಹೋಗಿತ್ತು. ಆ ಹಾಡನ್ನು ಚಿತ್ರೀಕರಿಸಿದ್ದು ಉಕ್ರೇನಿನ ರಾಜಧಾನಿ ಕೀವ್‌ನಲ್ಲಿ, ಅಲ್ಲಿಯ ಅಧ್ಯಕ್ಷರ ಅರಮನೆಯ ಮುಂದೆ, 2021ರಲ್ಲಿ. ಅದಾಗಿ ಕೆಲವೇ ತಿಂಗಳಿಗೆ, 2022ರ ಫೆಬ್ರವರಿಯಲ್ಲಿ, ಆ ಊರಿನ ಮೇಲೆ ಬಾಂಬುಗಳು ಬಿದ್ದವು. ಎರಡು ಜೊತೆ ಕಾಲುಗಳು ಅಷ್ಟು ಉಲ್ಲಾಸದಿಂದ ತುಳಿದ ನೆಲವದು.

ಸಂಗೀತ ನಿರ್ದೇಶಕ ಕೀರವಾಣಿಯವರು ತಮ್ಮ ಪಾಲಿನ ಹೊತ್ತನ್ನು ಬಳಸಿದ ರೀತಿ ಸೊಗಸಾಗಿತ್ತು. ಬಾಲ್ಯದಲ್ಲಿ ಕಾರ್ಪೆಂಟರ್ಸ್ ಎಂಬ ಅಮೆರಿಕದ ಗಾಯಕರ ಹಾಡುಗಳನ್ನು ಕೇಳಿ ಬೆಳೆದವರು ತಾವೆಂದು ಹೇಳಿ, ಆ ಗಾಯಕರ ಒಂದು ಧಾಟಿಗೆ ತಮ್ಮ ಮಾತುಗಳನ್ನು ಕೂಡಿಸಿ ಹಾಡಿಬಿಟ್ಟರು. ಹಾಡುವವರ ಮೇಲೆ ವಾದ್ಯ ನುಡಿಸಿ ಕಳಿಸುವುದು ಹೇಗೆ? ಜಾಣತನವೆಂದರೆ ಇದು.

ಅದೊಂದು ತಾಯಂದಿರ ರಾತ್ರಿಯೂ ಆಗಿತ್ತು. ಯಾರೂ ಮುಂಚೆ ಗೊತ್ತುಮಾಡಿಕೊಂಡಿದ್ದಲ್ಲ. ಪೋಷಕ ನಟನ ಪ್ರಶಸ್ತಿ ಪಡೆದ ಕೀ ಹ್ವೇ ಕ್ವಾನ್ ವಿಯೆಟ್ನಾಮಿನಿಂದ ಹುಡುಗನಾಗಿ ದೋಣಿ ಹತ್ತಿ ಹೊರಟು, ಒಂದು ವರ್ಷ ನಿರಾಶ್ರಿತರ ಶಿಬಿರದಲ್ಲಿ ಕಳೆದು, ಅಮೆರಿಕೆಯನ್ನು ಸೇರಿದವನು. ಅವನು ಕಣ್ಣೀರಿನ ನಡುವೆ ಮೊದಲು ಕೂಗಿ ಹೇಳಿದ್ದು ಮನೆಯಲ್ಲಿ ಕುಳಿತು ನೋಡುತ್ತಿದ್ದ 84 ವರ್ಷದ ತಾಯಿಗೆ. ವಾಚಕರಲ್ಲಿ ಹಿರಿಯರಾದವರು ಇವನನ್ನು ಬಾಲಕನಾಗಿ ಕಂಡಿರಬಹುದು. 1984ರಲ್ಲಿ ಸ್ಪೀಲ್‌ಬರ್ಗ್ ತೆಗೆದ 'ಇಂಡಿಯಾನಾ ಜೋನ್ಸ್' ಸಾಲಿನ ಎರಡನೆಯ ಚಿತ್ರದಲ್ಲಿ ನಾಯಕನ ಬೆನ್ನು ಬಿಡದ ಪುಟ್ಟ ಹುಡುಗ ಅವನೇ. ಭಾರತದ ಅರಮನೆಯೊಂದರಲ್ಲಿ ಅತಿಥಿಗಳಿಗೆ ಕೋತಿಯ ಮಿದುಳನ್ನು ಬಡಿಸುವ ದೃಶ್ಯವುಳ್ಳ ಆ ಚಿತ್ರವನ್ನು ನಾವಿನ್ನೂ ಕ್ಷಮಿಸಿಲ್ಲ. ಹುಡುಗನ ಮೇಲೆ ನಮಗೆ ಕೋಪವೇನೂ ಇಲ್ಲ. ದೊಡ್ಡವನಾದ ಮೇಲೆ ಅವನಿಗೆ ಪಾತ್ರಗಳು ದೊರೆಯಲಿಲ್ಲ. ಬಹಳ ವರ್ಷ ಕ್ಯಾಮೆರದ ಹಿಂದೆ ಹೊಡೆದಾಟದ ದೃಶ್ಯಗಳನ್ನು ಹೊಂದಿಸುವ ಕೆಲಸ ಮಾಡಿಕೊಂಡಿದ್ದ. ಆ ರಾತ್ರಿ ಅವನಿದ್ದ ಚಿತ್ರಕ್ಕೇ ಶ್ರೇಷ್ಠ ಚಿತ್ರವೆಂಬ ಪ್ರಶಸ್ತಿ ಬಂದಾಗ ಅದನ್ನು ಘೋಷಿಸಲು ನಿಂತಿದ್ದವರು ಹ್ಯಾರಿಸನ್ ಫೋರ್ಡ್, ಅಂದಿನ ಇಂಡಿಯಾನಾ ಜೋನ್ಸ್. ಇಬ್ಬರೂ ಅಪ್ಪಿಕೊಂಡರು. ಕತೆಗಾರನೊಬ್ಬನು ಹೀಗೆ ಬರೆದಿದ್ದರೆ ಸಂಪಾದಕರು ಅತಿಯಾಯಿತೆಂದು ಹಿಂದಿರುಗಿಸುತ್ತಿದ್ದರು.

ಶ್ರೇಷ್ಠ ನಟಿಯ ಪ್ರಶಸ್ತಿ ಪಡೆದ ಮಿಶೆಲ್ ಯೋ ಕೂಡ ಮಲೇಷ್ಯದಲ್ಲಿ ನೋಡುತ್ತಿದ್ದ 84 ವರ್ಷದ ತಾಯಿಯನ್ನು ನೆನೆದರು. ಆದರೆ ನನ್ನನ್ನು ಹೆಚ್ಚಾಗಿ ಅಲುಗಿಸಿದ್ದು ವಸ್ತ್ರವಿನ್ಯಾಸಕಿ ರೂತ್ ಕಾರ್ಟರ್. ಈಕೆ ಎರಡನೆಯ ಆಸ್ಕರ್ ಪಡೆದ ಮೊದಲ ಕಪ್ಪು ಮಹಿಳೆ. ಆಕೆಯ 101 ವರ್ಷದ ತಾಯಿ ಅದೇ ವಾರದಲ್ಲಿ ತೀರಿಹೋಗಿದ್ದರು. ಅದಕ್ಕೂ ಸುಮಾರು ಎರಡೂವರೆ ವರ್ಷ ಮೊದಲು ಸತ್ತಿದ್ದ ನಟ ಚಾಡ್ವಿಕ್ ಬೋಸ್‌ಮನ್‌ನನ್ನು ಹೆಸರು ಹಿಡಿದು ಕರೆದು, ನನ್ನ ತಾಯಿಯನ್ನು ಅಲ್ಲಿ ನೋಡಿಕೋ ಎಂದು ಆಕೆ ಕೇಳಿಕೊಂಡರು. ನಮ್ಮ ಹಳ್ಳಿಗಳಲ್ಲಿ ಹೆಂಗಸರು ಹೀಗೆ ಸತ್ತವರ ಕೈಗೆ ಸತ್ತವರನ್ನು ಒಪ್ಪಿಸಿ ಅಳುವುದನ್ನು ಕೇಳಿದ್ದೇನೆ. 45 ಸೆಕೆಂಡಿನೊಳಗೆ ಅದು ಆ ರಂಗಮಂದಿರದಲ್ಲಿಯೂ ಕೇಳಿತು. 'ಆನ್ ಐರಿಷ್ ಗುಡ್‌ಬೈ' ಎಂಬ ಕಿರುಚಿತ್ರದವರಂತೂ ತಮಗೆ ಸಿಕ್ಕ ಹೊತ್ತನ್ನು ಪೂರ್ತಿಯಾಗಿ ಇನ್ನೊಬ್ಬರಿಗೆ ದಾನ ಮಾಡಿದರು. ಅವರ ಚಿತ್ರದ ನಟ, ಡೌನ್ ಸಿಂಡ್ರೋಮ್ ಇರುವ ಜೇಮ್ಸ್ ಮಾರ್ಟಿನ್‌ಗೆ ಅಂದು 31ನೆಯ ಹುಟ್ಟುಹಬ್ಬ. ನಿರ್ದೇಶಕರಿಬ್ಬರೂ ತಮ್ಮ ಮಾತನ್ನು ಬದಿಗಿಟ್ಟು ಇಡೀ ಸಭೆಯಿಂದ ಅವನಿಗೆ ಹುಟ್ಟುಹಬ್ಬದ ಹಾಡನ್ನು ಹಾಡಿಸಿದರು.

ಇದಾಗಿ ಸ್ವಲ್ಪ ಹೊತ್ತಿಗೆ 'ದಿ ಎಲಿಫೆಂಟ್ ವಿಸ್ಪರರ್ಸ್' ಹೆಸರು ಬಂತು.

ಈ ಚಿತ್ರದ ಸ್ಥಳ ನಮಗೆ ದೂರದ್ದಲ್ಲ. ನಾನಿರುವ ಮೈಸೂರಿನಿಂದ ಊಟಿಯ ದಾರಿ ಹಿಡಿದು ನಂಜನಗೂಡು, ಗುಂಡ್ಲುಪೇಟೆಗಳನ್ನು ಹಾಯ್ದು ಬಂಡೀಪುರದ ಕಾಡು ಮುಗಿಯಿತೆನ್ನುವಲ್ಲಿ ಮುದುಮಲೆಯ ಕಾಡು ಮೊದಲಾಗುತ್ತದೆ. ಕಾಡಿಗೆ ಅದು ಗೊತ್ತಿಲ್ಲ; ಗಡಿ ನಮಗೆ, ಆನೆಗಳಿಗಲ್ಲ. ಅಲ್ಲಿ ಮೋಯಾರ್ ಹೊಳೆಯ ಬಳಿ ತೆಪ್ಪಕಾಡು ಎಂಬಲ್ಲಿ ಆನೆಗಳ ಶಿಬಿರವಿದೆ. ತಾಯಿ ಸತ್ತು ಉಳಿದ ಎರಡು ಮರಿಗಳನ್ನು, ರಘು ಮತ್ತು ಅಮ್ಮು, ಬೊಮ್ಮನ್ ಮತ್ತು ಬೆಳ್ಳಿ ಎಂಬಿಬ್ಬರು ಸಾಕಿ ಬೆಳೆಸಿದ ಕತೆ ಇದು. ಇವರು ಕಾಟುನಾಯಕ ಜನ, ನಮ್ಮ ಜೇನುಕುರುಬರಿಗೆ ಬಂಧುಗಳೆನ್ನಬಹುದಾದವರು. ಅವರ ಹೆಸರುಗಳನ್ನು ಕೇಳಿದರೆ ಕನ್ನಡದ ಕಿವಿಗೆ ಅನ್ಯವೆನಿಸುವುದಿಲ್ಲ. ಬೆಳ್ಳಿ ತನ್ನ ಮೊದಲ ಗಂಡನನ್ನು ಹುಲಿಯ ಬಾಯಿಗೆ ಕೊಟ್ಟವಳು, ಮಗಳನ್ನೂ ಕಳೆದುಕೊಂಡವಳು. ರಘುವಿನ ತಾಯಿ ವಿದ್ಯುತ್ತಿನ ಆಘಾತದಿಂದ ಸತ್ತದ್ದು. ಅತ್ತ ತಾಯಿಯಿಲ್ಲದ ಮರಿ, ಇತ್ತ ಮಗಳಿಲ್ಲದ ತಾಯಿ. ಚಿತ್ರ ಇದನ್ನು ಒತ್ತಿ ಹೇಳುವುದಿಲ್ಲ. ಮರಿಗೆ ಹಾಲು ಕುಡಿಸುವುದನ್ನೂ ಹೊಳೆಯಲ್ಲಿ ಮೈ ತೊಳೆಯುವುದನ್ನೂ ತೋರಿಸಿ ಸುಮ್ಮನಾಗುತ್ತದೆ. ಕೊನೆಗೆ ಇಲಾಖೆಯವರು ರಘುವನ್ನು ಬೇರೊಬ್ಬ ಮಾವುತನಿಗೆ ಒಪ್ಪಿಸುವಾಗ ಆ ದಂಪತಿಗಳ ಮುಖವನ್ನು ನೋಡಬೇಕು. ಸುಮಾರು 40 ನಿಮಿಷದ ಈ ಚಿತ್ರಕ್ಕಾಗಿ ನಿರ್ದೇಶಕಿ ಕಾರ್ತಿಕಿ ಗೊನ್ಸಾಲ್ವಿಸ್ ಐದು ವರ್ಷ ತೊಡಗಿದ್ದರು.

ಐದು ವರ್ಷಕ್ಕೆ 45 ಸೆಕೆಂಡು. ಕಾರ್ತಿಕಿಯವರು ಅಷ್ಟರೊಳಗೆ ಹೇಳಬೇಕಾದುದನ್ನು ಚೆನ್ನಾಗಿಯೇ ಹೇಳಿದರು. ಬೊಮ್ಮನ್, ಬೆಳ್ಳಿಯರ ಹೆಸರು ಹಿಡಿದರು. ಕಾಡಿನ ಜನರನ್ನು ಗೌರವಿಸಬೇಕೆಂದರು. ತಾಯಿ, ತಂದೆ, ಸೋದರಿಯರನ್ನು ನೆನೆದರು. ಆ ಬಳಿಕ ನಿರ್ಮಾಪಕಿ ಗುನೀತ್ ಮೊಂಗಾ ಧ್ವನಿವರ್ಧಕದ ಮುಂದಕ್ಕೆ ಬಂದರು. ವಾದ್ಯ ಮೊದಲಾಯಿತು. ಆಕೆಯ ಮಾತು ಹೊರಗೆ ಬರಲೇ ಇಲ್ಲ. ಭಾರತದಲ್ಲಿಯೇ ತಯಾರಾದ ಚಿತ್ರವೊಂದಕ್ಕೆ ಆಸ್ಕರ್ ಬಂದದ್ದು ಅದೇ ಮೊದಲೆಂಬ ಸಂಗತಿಯನ್ನು ಅಲ್ಲಿ ಹೇಳಬೇಕೆಂದಿದ್ದೆ, ಹೇಳಗೊಡಲಿಲ್ಲವೆಂದು ಆಕೆ ತರುವಾಯ ಪತ್ರಿಕೆಯವರ ಮುಂದೆ ವ್ಯಥೆಪಟ್ಟರು. ಈಚೆ ಮೈಸೂರಿನಲ್ಲಿ ಕುಳಿತ ನನಗೆ ಬಂದದ್ದು ವ್ಯಥೆಯಲ್ಲ, ಸಿಟ್ಟು. ದೇಶಾಭಿಮಾನದ ಸಿಟ್ಟೆಂದು ವಾಚಕರು ತಿಳಿಯಬಾರದು. ಬೇರೆ ದೇಶದ ಕಿರು ಸಾಕ್ಷ್ಯಚಿತ್ರದವರನ್ನು ಹೀಗೆ ಕಳಿಸಿದ್ದರೂ ಬರುತ್ತಿದ್ದ ಸಿಟ್ಟೇ ಅದು. ಏಕೆಂದರೆ ಅದೇ ವೇದಿಕೆಯಲ್ಲಿ, ಅದೇ ರಾತ್ರಿ, ದೊಡ್ಡ ಹೆಸರಿನವರು ಮಾತನಾಡುವಾಗ ಗಡಿಯಾರ ನಿಂತುಹೋಗುತ್ತದೆ.

ಗಡಿಯಾರವು ಹೆಸರು ನೋಡಿ ನಡೆಯುವುದಕ್ಕೆ ದೊಡ್ಡ ಇತಿಹಾಸವಿದೆ. 1943ರ ಸಮಾರಂಭದಲ್ಲಿ ಗ್ರಿಯರ್ ಗಾರ್ಸನ್ ಎಂಬ ನಟಿ ಐದು ನಿಮಿಷಕ್ಕೂ ಮೀರಿ ಮಾತನಾಡಿದ್ದು ಬಹುಕಾಲ ದಾಖಲೆಯಾಗಿ ಉಳಿದಿತ್ತು. 2025ರ ಮಾರ್ಚಿಯಲ್ಲಿ ಏಡ್ರಿಯನ್ ಬ್ರೋಡಿ ಎಂಬ ನಟ ಅದನ್ನು ಮುರಿದ. ಬಾಯಲ್ಲಿದ್ದ ಚ್ಯೂಯಿಂಗ್ ಗಮ್ ತೆಗೆದು ಜೊತೆಗಾತಿಯತ್ತ ಎಸೆದು ವೇದಿಕೆಯನ್ನೇರಿದವನು 5 ನಿಮಿಷ 40 ಸೆಕೆಂಡು ಮಾತನಾಡಿದ, ವಾದ್ಯ ಮೊದಲಾದಾಗ ನಿಲ್ಲಿಸಿರೆಂದ, ನಿಲ್ಲಿಸಿದರು. ಅವನ ನಟನೆಯ ಮೇಲೆ ನನಗೆ ಗೌರವವಿದೆ. ಆದರೆ ನಿಲ್ಲಿಸಿರೆಂದರೆ ನಿಲ್ಲುವ ವಾದ್ಯ ಎರಡು ವರ್ಷದ ಹಿಂದೆ ಒಬ್ಬ ನಿರ್ಮಾಪಕಿಗೆ ಏಕೆ ನಿಲ್ಲಲಿಲ್ಲ?

2022ರಲ್ಲಿ ನಡೆದದ್ದು ಇದಕ್ಕಿಂತ ದೊಡ್ಡದು. ಸಮಾರಂಭ ಉದ್ದವಾಯಿತೆಂಬ ನೆಪದ ಮೇಲೆ ಸಂಕಲನ, ಸಂಗೀತ, ಧ್ವನಿ, ಪ್ರಸಾಧನ, ಕಲಾನಿರ್ದೇಶನ ಹಾಗೂ ಮೂರು ಬಗೆಯ ಕಿರುಚಿತ್ರಗಳು ಹೀಗೆ ಎಂಟು ಪ್ರಶಸ್ತಿಗಳನ್ನು ನೇರ ಪ್ರಸಾರಕ್ಕೆ ಮೊದಲೇ ಕೊಟ್ಟು ಮುಗಿಸಿ, ಅವುಗಳ ಕತ್ತರಿಸಿದ ತುಣುಕುಗಳನ್ನು ನಡುನಡುವೆ ತೋರಿಸಿದರು. ಸಂಕಲನಕಾರನ ಪ್ರಶಸ್ತಿಯನ್ನೇ ಸಂಕಲನ ಮಾಡಿದ ಚಮತ್ಕಾರ! ಇಷ್ಟು ಮಾಡಿ ಉಳಿಸಿದ ಸಮಯದಲ್ಲಿ ಲೋಕ ಕಂಡದ್ದೇನು? ಹೆಸರಾಂತ ನಟನೊಬ್ಬ ವೇದಿಕೆಯನ್ನೇರಿ ಹಾಸ್ಯಗಾರನೊಬ್ಬನ ಕೆನ್ನೆಗೆ ಬಾರಿಸಿದ್ದು. ಆ ಕಪಾಳಮೋಕ್ಷವನ್ನು ಎಲ್ಲರೂ ಬಲ್ಲರು. ಆ ಹಾಸ್ಯಗಾರ ಆಗ ಅಲ್ಲಿಗೆ ಬಂದದ್ದೇಕೆಂಬುದನ್ನು ಎಷ್ಟು ಮಂದಿ ಬಲ್ಲರು? ಸಾಕ್ಷ್ಯಚಿತ್ರದ ಪ್ರಶಸ್ತಿಯನ್ನು ಘೋಷಿಸಲು. ಪ್ರಶಸ್ತಿ 'ಸಮರ್ ಆಫ್ ಸೋಲ್' ಚಿತ್ರಕ್ಕೆ ಬಂತು. 1969ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕಪ್ಪು ಜನರು ನಡೆಸಿದ ಮಹಾ ಸಂಗೀತೋತ್ಸವವನ್ನು ಯಾರೋ ಚಿತ್ರೀಕರಿಸಿ, ಕೊಳ್ಳುವವರಿಲ್ಲದೆ ಆ ಸುರುಳಿಗಳು ಸುಮಾರು 50 ವರ್ಷ ಮೂಲೆಯಲ್ಲಿ ಬಿದ್ದಿದ್ದವು. ಅವನ್ನು ಹೊರಗೆ ತೆಗೆದು ಚಿತ್ರ ಮಾಡಿದ ಕ್ವೆಸ್ಟ್‌ಲವ್ ಎಂಬ ಸಂಗೀತಗಾರ ಕಣ್ಣೊರೆಸಿಕೊಳ್ಳುತ್ತ ಮಾತನಾಡಿದಾಗ ಸಭೆಯ ಕಿವಿ ಅಲ್ಲಿರಲಿಲ್ಲ, ಏಟಿನ ಸದ್ದಿನಲ್ಲಿತ್ತು. ಅರ್ಧ ಶತಮಾನ ಕೇಳದ ಹಾಡು ಕೇಳುವ ಕಾಲಕ್ಕೂ ಕೇಳದೆ ಹೋಯಿತು.

ಮರುವರ್ಷ, ಅಂದರೆ ನಾನು ಹೇಳುತ್ತಿರುವ 2023ರಲ್ಲಿ, ಆಕ್ಷೇಪಣೆಗಳಿಗೆ ಮಣಿದು 23 ಪ್ರಶಸ್ತಿಗಳನ್ನೂ ನೇರ ಪ್ರಸಾರದಲ್ಲಿಯೇ ಕೊಟ್ಟರು. ಒಳ್ಳೆಯದೇ ಆಯಿತು. ದೂರದರ್ಶನದ ಸಮಯಕ್ಕೆ ಬೆಲೆಯುಂಟು, ಎಲ್ಲರಿಗೂ ಬೇಕಾದಷ್ಟು ಹೊತ್ತು ಕೊಟ್ಟರೆ ನೋಡುವವರು ಎದ್ದುಹೋಗುತ್ತಾರೆ ಎಂಬ ವಾದವನ್ನು ನಾನು ಬಲ್ಲೆ. ಲೆಕ್ಕ ಹಾಕಿ ನೋಡೋಣ. 23 ಪ್ರಶಸ್ತಿಗಳಿಗೆ ತಲಾ 45 ಸೆಕೆಂಡಿನಂತೆ ಒಟ್ಟು 17 ನಿಮಿಷ 15 ಸೆಕೆಂಡು. ಸಮಾರಂಭ ನಡೆದದ್ದು ಮೂರೂವರೆ ಗಂಟೆಗೂ ಮೇಲೆ. ಹಾಗಾದರೆ ಉಳಿದ ಮೂರು ಗಂಟೆಗಳನ್ನು ತಿಂದವರು ಉಪಕಾರ ಸ್ಮರಣೆ ಮಾಡಿದವರೇ, ಅಥವಾ ಜಾಹೀರಾತಿನವರೂ ಚಟಾಕಿ ಹಾರಿಸುವವರೂ? ಇನ್ನೊಂದು ವಿನೋದವೆಂದರೆ, 1929ರ ಮೇ 16ರಂದು ಹಾಲಿವುಡ್ಡಿನ ರೂಸ್‌ವೆಲ್ಟ್ ಹೋಟಲಿನಲ್ಲಿ ಸುಮಾರು 270 ಅತಿಥಿಗಳ ಮುಂದೆ ನಡೆದ ಮೊಟ್ಟಮೊದಲ ಸಮಾರಂಭದಲ್ಲಿ ಪ್ರಶಸ್ತಿಗಳನ್ನೆಲ್ಲ ಕೊಟ್ಟು ಮುಗಿಸಲು ಹಿಡಿದದ್ದು ಸುಮಾರು 15 ನಿಮಿಷ. ಫಲಿತಾಂಶವು ಮೂರು ತಿಂಗಳು ಮೊದಲೇ ಎಲ್ಲರಿಗೂ ತಿಳಿದಿತ್ತು. ಊಟ ಮಾಡಿ ಎದ್ದರು.

ಹೊತ್ತು ಹೆಚ್ಚು ಕೊಟ್ಟರೆ ಜನ ಹರಟುತ್ತಾರೆಂಬುದೂ ಪೂರ್ತಿ ನಿಜವಲ್ಲ. 1983ರಲ್ಲಿ 'ಗಾಂಧಿ' ಚಿತ್ರದ ಉಡುಪುಗಳಿಗಾಗಿ ಇನ್ನೊಬ್ಬರೊಡನೆ ಪ್ರಶಸ್ತಿ ಹಂಚಿಕೊಂಡ ಕೊಲ್ಹಾಪುರದ ಭಾನು ಅಥೈಯಾ, ಆಸ್ಕರ್ ಪಡೆದ ಮೊದಲ ಭಾರತೀಯರು, ಎರಡು ಮೂರು ವಾಕ್ಯಗಳಲ್ಲಿ ಮಾತು ಮುಗಿಸಿ ಇಳಿದರು. 1992ರಲ್ಲಿ ಸತ್ಯಜಿತ್ ರಾಯ್ ಕಲ್ಕತ್ತೆಯ ಆಸ್ಪತ್ರೆಯ ಹಾಸಿಗೆಯಿಂದ ಮಾತನಾಡಿದ್ದನ್ನು ಅಲ್ಲಿ ತೆರೆಯ ಮೇಲೆ ತೋರಿಸಿದರು. ಹುಡುಗನಾಗಿದ್ದಾಗ ಡಿಯಾನಾ ಡರ್ಬಿನ್‌ಗೆ ಪತ್ರ ಬರೆದದ್ದು, ಆಕೆ ಸೌಜನ್ಯದಿಂದ ಉತ್ತರಿಸಿದ್ದು. ನಿರ್ದೇಶಕ ಬಿಲ್ಲಿ ವೈಲ್ಡರ್‌ಗೆ 12 ಪುಟದ ಪತ್ರ ಬರೆದದ್ದು, ಅವನು ಉತ್ತರಿಸದೆ ಹೋದದ್ದು. ಇದನ್ನೆಲ್ಲ ಆ ಸ್ಥಿತಿಯಲ್ಲಿಯೂ ನಗುವಿನ ಲೇಪದೊಡನೆ ಹೇಳಿದರು. ಯಾವ ವಾದ್ಯವೂ ಅಡ್ಡ ಬರಲಿಲ್ಲ. ಆದಾಗಿ ತಿಂಗಳೊಳಗೆ ತೀರಿಕೊಂಡರು.

ಅಮೆರಿಕದವರನ್ನು ಇಷ್ಟು ಜರೆದ ಮೇಲೆ ನಮ್ಮ ಅಂಗಳವನ್ನೂ ನೋಡಬೇಕಾದದ್ದು ನ್ಯಾಯ. ನಮ್ಮ ಸನ್ಮಾನ ಸಭೆಗಳಲ್ಲಿ ಸನ್ಮಾನಿತನಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಇವೆಲ್ಲವೂ ಸಿಗುತ್ತವೆ, ಮಾತೊಂದನ್ನು ಬಿಟ್ಟು. ಮಾತೆಲ್ಲವೂ ತಡವಾಗಿ ಬಂದ ಮುಖ್ಯ ಅತಿಥಿಗಳ ಸ್ವತ್ತು. ಅವನ ಸರದಿ ಬರುವ ಹೊತ್ತಿಗೆ ಕತ್ತಲಾಗಿರುತ್ತದೆ. ರಾಷ್ಟ್ರೀಯ ಚಲಚ್ಚಿತ್ರ ಪ್ರಶಸ್ತಿಗಳ ಸಂದರ್ಭದಲ್ಲಿ, 2018ರ ಮೇ ತಿಂಗಳಲ್ಲಿ, ನಡೆದದ್ದು ಹಲವರಿಗೆ ನೆನಪಿರಬಹುದು. ರಾಷ್ಟ್ರಪತಿಗಳು 11 ಮಂದಿಗೆ ಮಾತ್ರ ತಮ್ಮ ಕೈಯಿಂದ ಪ್ರಶಸ್ತಿ ಕೊಡುತ್ತಾರೆ, ಉಳಿದವರು ಮಂತ್ರಿಗಳಿಂದ ಪಡೆಯಬೇಕೆಂದು ಹಿಂದಿನ ದಿನ ತಿಳಿಸಲಾಯಿತು. 50ಕ್ಕೂ ಹೆಚ್ಚು ಮಂದಿ ಸಮಾರಂಭಕ್ಕೆ ಹೋಗಲಿಲ್ಲ. ಹಟಮಾರಿತನವೆಂದು ಕೆಲವರು ಟೀಕಿಸಿದರು. ನನಗೆ ಹಾಗೆನ್ನಿಸಲಿಲ್ಲ. ಪ್ರಶಸ್ತಿ ಕೊಡುವುದು ಒಬ್ಬನನ್ನು ನಾಲ್ವರ ಮುಂದೆ ಎತ್ತಿ ತೋರಿಸುವುದಕ್ಕಾಗಿ. ಎತ್ತುವ ಗಳಿಗೆಯಲ್ಲಿಯೇ ನೀನು ಎರಡನೆಯ ಸಾಲಿನವನು ಎಂದು ತಿಳಿಸುವುದಾದರೆ ಅಂಚೆಯಲ್ಲಿ ಕಳಿಸಿದರಾಯಿತು. ಅಷ್ಟೇಕೆ, ನಮ್ಮ ಮೈಸೂರಿನ ಜಂಬೂಸವಾರಿಯಲ್ಲಿ 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಹೊತ್ತ ಆನೆಯ ಹೆಸರು ಊರಿನ ಮಕ್ಕಳಿಗೆಲ್ಲ ಗೊತ್ತು. ಬಲರಾಮ, ಅರ್ಜುನ, ಅಭಿಮನ್ಯು ಎಂದು ಬಾಯಿಪಾಠ ಒಪ್ಪಿಸುತ್ತಾರೆ. ಅದರ ಕತ್ತಿನ ಮೇಲೆ ಕುಳಿತು, ಲಕ್ಷ ಜನರ ಗದ್ದಲದ ನಡುವೆ ಅದನ್ನು ಸಮಾಧಾನದಿಂದ ನಡೆಸಿಕೊಂಡು ಹೋಗುವ ಮಾವುತನ ಹೆಸರನ್ನು ಕೇಳಿ ನೋಡಿ.

ಆ ಸೋಮವಾರ ಬೆಳಗ್ಗೆ ಬೊಮ್ಮನ್ ಎಲ್ಲಿದ್ದ? ಪತ್ರಿಕೆಯವರು ತೆಪ್ಪಕಾಡಿಗೆ ಓಡಿಹೋದರು. ಅವನು ಅಲ್ಲಿರಲಿಲ್ಲ. ಧರ್ಮಪುರಿ ಜಿಲ್ಲೆಯ ಕಡೆಗೆ, ತಾಯಿಯನ್ನು ಕಳೆದುಕೊಂಡ ಆನೆಮರಿಗಳ ಕೆಲಸದ ಮೇಲೆ ಹೋಗಿದ್ದ. ನಮ್ಮ ಹೊಗೇನಕಲ್ಲಿನ ಆಚೆಯ ದಡದ ಆ ಜಿಲ್ಲೆಯಲ್ಲಿ ಅದಕ್ಕೆ ಒಂದು ವಾರದ ಹಿಂದೆ, ಮಾರ್ಚ್ 7ರಂದು, ಹೊಲಕ್ಕೆ ಹಾಕಿದ್ದ ಅಕ್ರಮ ವಿದ್ಯುತ್ ಬೇಲಿಗೆ ಸಿಕ್ಕಿ ಮೂರು ಆನೆಗಳು ಸತ್ತಿದ್ದವು. ಎರಡು ಮರಿಗಳು ಉಳಿದಿದ್ದವು. ರಘುವಿನ ತಾಯಿ ಸತ್ತದ್ದೂ ಹೀಗೆಯೇ. ಹಾಲಿವುಡ್ಡಿನಲ್ಲಿ ಚಿನ್ನದ ಲೇಪದ ಪ್ರತಿಮೆಯನ್ನು ಕೊಡುತ್ತಿದ್ದಾಗ ಚಿತ್ರದ ಕತೆ ಇಲ್ಲಿ ಮತ್ತೆ ಮೊದಲಿನಿಂದ ನಡೆಯುತ್ತಿತ್ತು. ಬೆಳ್ಳಿ ಸಿಕ್ಕಳು. ಆಸ್ಕರ್ ಎಂದರೇನೆಂದು ತನಗೆ ಗೊತ್ತಿಲ್ಲವೆಂದೂ, ಆದರೂ ಸಂತೋಷವಾಗಿದೆಯೆಂದೂ ಹೇಳಿದಳು. ಈ ಮಾತನ್ನು ಪತ್ರಿಕೆಗಳು ಮುಗ್ಧತೆಯೆಂದು ವರ್ಣಿಸಿದವು. ನಾನು ಹಾಗೆ ಓದಲಾರೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳುವಾಕೆ ಮುಗ್ಧೆಯಲ್ಲ, ಸ್ಪಷ್ಟವಾದಿ. ಕಾಡಿನಲ್ಲಿ ಬದುಕಿ ಉಳಿಯಲು ಅದು ಬೇಕು.

ಮುಂದಿನ ಸಂಗತಿಗಳು ಬೇಗ ಬೇಗ ನಡೆದವು. ಎರಡು ದಿನದಲ್ಲಿ ತಮಿಳುನಾಡಿನ ಮುಖ್ಯಮಂತ್ರಿ ಸ್ಟಾಲಿನ್ ದಂಪತಿಗಳನ್ನು ಚೆನ್ನೈಗೆ ಕರೆಸಿ ತಲಾ ಒಂದು ಲಕ್ಷ ರೂಪಾಯಿ ಕೊಟ್ಟರು. ಧರ್ಮಪುರಿಯ ಕಡೆಯಿಂದ ತಂದು ಅವರ ಆರೈಕೆಗೆ ಒಪ್ಪಿಸಿದ್ದ ಒಂದು ಮರಿ ಆ ತಿಂಗಳ ಕೊನೆಯಲ್ಲಿ ಸತ್ತುಹೋಯಿತು. ಅದಕ್ಕೆ ಹಾಲು ಹಿಡಿಯಲಿಲ್ಲ. ಏಪ್ರಿಲ್‌ನಲ್ಲಿ ಪ್ರಧಾನಮಂತ್ರಿಗಳು ಬಂದು ಹೋದರು. ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳು ಬಂದರು. ಅದೇ ಆಗಸ್ಟ್ ತಿಂಗಳಲ್ಲಿ ಬೆಳ್ಳಿಯನ್ನು ತೆಪ್ಪಕಾಡಿನ ಶಿಬಿರಕ್ಕೆ ಕಾವಾಡಿಯಾಗಿ ನೇಮಿಸಿ ಸರ್ಕಾರ ಆಜ್ಞೆ ಹೊರಡಿಸಿತು. ಆ ಹುದ್ದೆಗೆ ಬಂದ ಮೊದಲ ಹೆಂಗಸು ಆಕೆ. ಕೆಲಸ ಹೊಸದಲ್ಲ. ರಘು ಬಂದ ದಿನದಿಂದ ಆಕೆ ಮಾಡುತ್ತಿದ್ದದ್ದೇ. ಅಂದು ಅದಕ್ಕೆ ಸಂಬಳ ಗೊತ್ತಾಯಿತು.